ಹಳೆಯ ಗಣಕಗಳ ಹೊಸ್ತಿಲಲ್ಲಿ ಕನ್ನಡ

ಕನ್ನಡವು ಗಣಕಯಂತ್ರವನ್ನು ಸೇರಿದ ಕಥೆಯನ್ನು ನಮ್ಮಲ್ಲಿ ಹಲವರು ಹೇಳಿದ್ದಾರೆ. ಅಕ್ಷರಗಳಿಗೆ ರೂಪ ಕೊಟ್ಟವರ ಕಥೆ ಅದರಲ್ಲಿ ಬಂದಿದೆ. ಕೀಲಿಮಣೆಯನ್ನು ಕಲ್ಪಿಸಿದವರ ಕಥೆ ಬಂದಿದೆ. ಸಮಿತಿಗಳು, ವರದಿಗಳು, ಸರ್ಕಾರದ ಆಜ್ಞೆಗಳು, ಇವೆಲ್ಲವೂ ತಕ್ಕಮಟ್ಟಿಗೆ ಬಂದಿವೆ. ಆದರೆ ಆ ಅಕ್ಷರವೂ ಆ ಕೀಲಿಮಣೆಯೂ ಒಂದೂರಿನ ಒಂದು ಅಂಗಡಿಯ ಒಂದು ಯಂತ್ರದೊಳಕ್ಕೆ ಇಳಿದದ್ದು ಹೇಗೆ ಎಂದು ಕೇಳಿದವರು ಕಡಮೆ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಸಿದ್ಧವಾದ ತಂತ್ರಾಂಶವು ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ತಾನಾಗಿ ಬರುವುದಿಲ್ಲ. ಅದನ್ನು ಹೊತ್ತು ತಂದು, ಯಂತ್ರದ ಒಳಗೆ ಯಾವ ವಸ್ತು ಯಾವ ಗೂಡಿನಲ್ಲಿರಬೇಕೋ ಅಲ್ಲಲ್ಲಿ ಇಟ್ಟು, ಯಂತ್ರವನ್ನು ಆಳುವ ಕಾರ್ಯಾಚರಣ ವ್ಯವಸ್ಥೆಯ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸಿ ಬರುವುದಕ್ಕೆ ಒಂದು ಸಣ್ಣ ಕಾರ್ಯಕ್ರಮ ಬೇಕು. ಇಂಗ್ಲಿಷರು ಅದನ್ನು ಇನ್‌ಸ್ಟಾಲರ್ ಎನ್ನುತ್ತಾರೆ, ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ‘ಸೆಟಪ್’ ಎಂದೇ ರೂಢಿ. ಕನ್ನಡದ ಯಾವ ತಂತ್ರಾಂಶ ಬೇರೂರಿತು, ಯಾವುದು ಊರಲಿಲ್ಲ ಎಂಬುದನ್ನು ನಿರ್ಣಯಿಸುವುದರಲ್ಲಿ ಅಕ್ಷರದ ಅಂದಕ್ಕಿಂತಲೂ ಈ ಸೆಟಪ್ಪಿನ ಪಾಲೇ ಹೆಚ್ಚಾಗಿತ್ತೆಂದು ನನ್ನ ಅಭಿಪ್ರಾಯ.

ಬಳ್ಳಾರಿಯ ಮಟ್ಟಿಗೆ ಈ ಬಗೆಯ ತೊಡಕು ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತಿರುಗಿಸಹೊರಟಾಗ, ಅನುವಾದದಷ್ಟೇ ದೊಡ್ಡ ಕೆಲಸ ಅದನ್ನು ಅಚ್ಚು ಹಾಕಿಸುವುದಾಗಿತ್ತು. ಅಚ್ಚುಮೊಳೆ ಎಷ್ಟು ಸುಂದರವಾಗಿದ್ದರೂ ಅದರ ಎತ್ತರ ಮುದ್ರಣಯಂತ್ರಕ್ಕೆ ಹೊಂದಬೇಕು; ಕೂದಲೆಳೆಯಷ್ಟು ತಗ್ಗಿದರೆ ಮಸಿ ತಾಗುವುದಿಲ್ಲ, ಏರಿದರೆ ಕಾಗದ ಹರಿಯುತ್ತದೆ. ಗಣಕದಲ್ಲಿಯೂ ಅಷ್ಟೇ. ಅಚ್ಚುಕೂಟದ ಯಜಮಾನನು ಒಮ್ಮೆ ಕೊಂಡ ಯಂತ್ರವನ್ನು ಮೂವತ್ತು ವರ್ಷ ದುಡಿಸುತ್ತಿದ್ದ. ಗಣಕದ ಯಜಮಾನನೂ ಹಾಗೆಯೇ ದುಡಿಸಬೇಕೆಂದು ಬಯಸುತ್ತಾನೆ. ವ್ಯತ್ಯಾಸವೇನೆಂದರೆ, ಅಚ್ಚಿನ ಯಂತ್ರವನ್ನು ಮಾಡಿದವರು ಐದು ವರ್ಷಕ್ಕೊಮ್ಮೆ ಮೊಳೆಯ ಎತ್ತರವನ್ನು ಬದಲಿಸುತ್ತಿರಲಿಲ್ಲ.

ಮೊದಲ ಕಾಲದಲ್ಲಿ ಸೆಟಪ್ಪಿನ ಪ್ರಶ್ನೆಯೇ ಇರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಎಂಬುದು ಒಂದು ಹಲಗೆ. ಡಾಸ್ ವ್ಯವಸ್ಥೆಯ ಗಣಕದ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಅದಕ್ಕೆ ಆಧಾರವಾಗಿದ್ದ ‘ಇಸ್ಕಿ’ ಸಂಕೇತಪದ್ಧತಿ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸ್ಥಾನ ಕೊಡಹೊರಟ ಯುನಿಕೋಡಿನ ಮೊದಲ ಆವೃತ್ತಿ ಪ್ರಕಟವಾಗಿ, ಕನ್ನಡಕ್ಕೂ ಅದರಲ್ಲಿ ಜಾಗ ದೊರೆಯಿತು. ಜಾಗ ದೊರೆತದ್ದು ಕಾಗದದ ಮೇಲೆ. ಯಂತ್ರದಲ್ಲಿ ದೊರೆಯುವುದಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷಗಳಲ್ಲಿಯೇ ನಮ್ಮ ಕಥೆಯ ಗಂಟು ಬಿದ್ದದ್ದು.

ಆ ಅವಧಿಯಲ್ಲಿ ವಿಂಡೋಸ್ ಬಂದಿತು. ಅದರೊಡನೆ ಫಾಂಟುಗಳು ಬಂದವು. ಒಂದು ಫಾಂಟಿನಲ್ಲಿ 256 ಮನೆಗಳು. ಅವು ರೋಮನ್ ಅಕ್ಷರಗಳಿಗೂ ಯೂರೋಪಿನ ಚಿಹ್ನೆಗಳಿಗೂ ಮೀಸಲಾದವು. ನಮ್ಮವರು ಆ ಮನೆಗಳಲ್ಲಿದ್ದವರನ್ನು ಹೊರಡಿಸಿ ಕನ್ನಡದ ತುಂಡುಗಳನ್ನು ಕೂರಿಸಿದರು: ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಒಂದರಲ್ಲಿ ಒತ್ತು. ಉಪಾಯ ಒಳ್ಳೆಯದೇ, ಆದರೆ ಯಾವ ತುಂಡು ಯಾವ ಮನೆಯಲ್ಲಿ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಆಕೃತಿಯಲ್ಲಿ ಬರೆದದ್ದು ಶ್ರೀಲಿಪಿಯಲ್ಲಿ ಓದಲು ಬಾರದು. ಶ್ರೀಲಿಪಿಯದು ಪ್ರಕಾಶಕ್‌ನಲ್ಲಿ ಬಾರದು. ಇಷ್ಟರ ಮೇಲೆ, ಹಣ ಕೊಟ್ಟು ಕೊಳ್ಳಬೇಕಾದ ಕೆಲವು ತಂತ್ರಾಂಶಗಳಿಗೆ ಬೀಗವೊಂದಿತ್ತು. ಗಣಕದ ಬೆನ್ನಿಗೆ, ಪ್ರಿಂಟರಿನ ತಂತಿ ಸೇರುವ ಕಡೆ, ಹೆಬ್ಬೆರಳಷ್ಟು ದಪ್ಪದ ‘ಡಾಂಗಲ್’ ಎಂಬ ತುಣುಕನ್ನು ಸಿಕ್ಕಿಸಿದರೆ ಮಾತ್ರ ಕನ್ನಡ, ತೆಗೆದರೆ ಮೌನ. ಮುಂದೆ ಬಂದ ಗಣಕಗಳಿಗೆ ಆ ಜಾಗವೇ ಇಲ್ಲವಾದಾಗ ಬೀಗದ ಕೈ ಇದ್ದೂ ಬೀಗಕ್ಕೆ ಬಾಗಿಲಿಲ್ಲದಂತಾಯಿತು. ಹಳೆಯ ಯಂತ್ರವನ್ನು ಯಾಕೆ ಎಸೆಯಲಿಲ್ಲವೆಂದು ಮುದ್ರಕರನ್ನು ಕೇಳುವವರು ಈ ತುಣುಕನ್ನು ನೆನೆಯಬೇಕು.

ಈ ನಡುವೆ ಇಬ್ಬರು ಮಹನೀಯರು ಕನ್ನಡವನ್ನು ಬೀಗದಿಂದ ಬಿಡಿಸಿದರು. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾಯರು, ಕನ್ನಡದ ಧ್ವನಿಕ್ರಮಕ್ಕೆ ಹೊಂದುವಂತೆ ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಗುಂಡಿಗಳಲ್ಲಿಯೇ ಭಾಷೆಯನ್ನೆಲ್ಲ ಅಡಗಿಸಿದರು. ಕೆ ಒತ್ತಿದರೆ ಕಕಾರ, ಶಿಫ್ಟ್ ಹಿಡಿದು ಒತ್ತಿದರೆ ಖಕಾರ; ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಗುಂಡಿ. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಎಲ್ಲರಿಗೂ ಧರ್ಮಕ್ಕೆ ಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು 1998ರ ಜನವರಿ 1ರಂದು ಹೊರತಂದು ಉಚಿತವಾಗಿ ಹಂಚಿದರು, ದೂರದೇಶಗಳಲ್ಲಿದ್ದ ಕನ್ನಡಿಗರು ತಾಯಿಗೆ ಕನ್ನಡದಲ್ಲಿ ಪತ್ರ ಬರೆಯಲು ಕಲಿತದ್ದು ಅದರಿಂದ. ಆಮೇಲೆ ಸರ್ಕಾರವು ಎಚ್ಚತ್ತಿತು. ಕುವೆಂಪು ವಿಶ್ವವಿದ್ಯಾನಿಲಯದ ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿ ಒಂದು ಸಮಾನ ಕೀಲಿಮಣೆಯನ್ನೂ ಒಂದು ಸಮಾನ ಸಂಕೇತಪಟ್ಟಿಯನ್ನೂ ಬಯಸಿತು. ರಾಯರ ವಿನ್ಯಾಸವೇ ಅದಕ್ಕೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ‘ನುಡಿ’ಯನ್ನು ಸಿದ್ಧಪಡಿಸಿ ಉಚಿತವಾಗಿ ನೀಡಿತು.

ನುಡಿಯ ಸೆಟಪ್ ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ವಿಂಡೋಸಿನ ಫಾಂಟುಗಳ ಗೂಡಿಗೆ ತನ್ನ ಫಾಂಟುಗಳನ್ನು ನಕಲು ಮಾಡುತ್ತಿತ್ತು. ಅವುಗಳ ಹೆಸರನ್ನು ಪಟ್ಟಿಯಲ್ಲಿ ಸೇರಿಸುತ್ತಿತ್ತು. ಗುಂಡಿ ಒತ್ತಿದ ಸದ್ದನ್ನು ನಡುವೆಯೇ ಹಿಡಿದು ಕನ್ನಡ ಮಾಡಿ ಕಳಿಸುವ ಚಿಕ್ಕ ಕಾರ್ಯಕ್ರಮವೊಂದನ್ನು ಇಟ್ಟು ಬರುತ್ತಿತ್ತು. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಅಷ್ಟೇ ಕೆಲಸ. ವಿಂಡೋಸಿನಿಂದ ಅದು ವಿಶೇಷವಾಗಿ ಏನನ್ನೂ ಬೇಡಲಿಲ್ಲ. ಕನ್ನಡ ಗೊತ್ತಿಲ್ಲದ ವಿಂಡೋಸ್ 98ಕ್ಕೂ ಅದು ಒಗ್ಗುತ್ತಿತ್ತು, ಏಕೆಂದರೆ ಅದಕ್ಕೆ ಕಾಣುತ್ತಿದ್ದುದು ಬರಿಯ ರೋಮನ್ ಚಿಹ್ನೆಗಳು. ಇಂದಿಗೂ ನುಡಿಯಲ್ಲಿ ಬರೆದ ಕಡತವನ್ನು ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಮಾತಿನ ನಡುವೆ ಬ್ರಿಟಿಷರ ಪೌಂಡಿನ ಗುರುತು ಕುಳಿತಿರುತ್ತದೆ. ‘ಬಳ್ಳಾರಿ’ಯು ಕಾನೂನಿನ ಪುಸ್ತಕಗಳಲ್ಲಿ ಪ್ರಕರಣವನ್ನು ಸೂಚಿಸುವ ಗುರುತಿನಿಂದ ಆರಂಭವಾಗುತ್ತದೆ. ತಮಾಷೆಯಾಗಿ ಕಾಣುವ ಇದು ಎಂಥ ಸಾಲವೆಂಬುದು ಮುಂದೆ ತಿಳಿಯುತ್ತದೆ.

ಈಗ 2001ರ ಅಕ್ಟೋಬರಿಗೆ ಬರೋಣ. ವಿಂಡೋಸ್ ಎಕ್ಸ್‌ಪಿ ಹೊರಬಿತ್ತು. ಅದರಲ್ಲಿ ಕನ್ನಡದ ಯುನಿಕೋಡ್ ಲಿಪಿ ಇತ್ತು, ‘ತುಂಗಾ’ ಎಂಬ ಫಾಂಟೂ ಇತ್ತು. ನದಿಯ ಹೆಸರಿನ ಅಕ್ಷರವು ತುಂಗಭದ್ರೆಯ ನಾಡಿಗೆ ಸರಾಗವಾಗಿ ಹರಿದು ಬರಬೇಕಾಗಿತ್ತು, ಬರಲಿಲ್ಲ. ಏಕೆಂದರೆ ಕನ್ನಡದಂಥ ಸಂಕೀರ್ಣ ಲಿಪಿಗಳ ಬೆಂಬಲ ಎಕ್ಸ್‌ಪಿಯಲ್ಲಿ ತಾನಾಗಿ ಚಾಲನೆಗೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಪ್ರದೇಶ ಮತ್ತು ಭಾಷೆಗಳ ಪುಟ ತೆರೆದು, ಬಲದಿಂದ ಎಡಕ್ಕೆ ಬರೆಯುವ ಭಾಷೆಗಳೂ ಥಾಯ್ ಭಾಷೆಯೂ ಸೇರಿದ ಒಂದು ಸಾಲಿನ ಮುಂದೆ ಗುರುತು ಹಾಕಬೇಕು. ಆ ಸಾಲಿನಲ್ಲಿ ಕನ್ನಡದ ಹೆಸರೇ ಇರಲಿಲ್ಲ. ಹಾಕಿದೊಡನೆ ಯಂತ್ರವು ಎಕ್ಸ್‌ಪಿಯ ಮೂಲ ಸಿ.ಡಿ.ಯನ್ನು ಕೇಳುತ್ತಿತ್ತು. ಬಿಡಿಭಾಗಗಳನ್ನು ಕೂಡಿಸಿ ಗಣಕ ಕಟ್ಟಿಕೊಡುವ ಅಂಗಡಿಯಿಂದ ಯಂತ್ರ ಕೊಂಡವನ ಬಳಿ ಆ ಸಿ.ಡಿ. ಎಲ್ಲಿಂದ ಬರಬೇಕು? ಕಟ್ಟಿಕೊಟ್ಟವನು ಬಳ್ಳಾರಿಯಲ್ಲಿ, ಯಂತ್ರ ಕುರುಗೋಡಿನಲ್ಲಿ. ಬಸ್ಸು ಹತ್ತಿ ಹೋಗಿ ತರುವಷ್ಟು ಹೊತ್ತಿನಲ್ಲಿ ಹತ್ತು ಲಗ್ನಪತ್ರಿಕೆ ಮುಗಿಸಬಹುದು. ನುಡಿಯ ಸೆಟಪ್ ಯಾವ ಸಿ.ಡಿ.ಯನ್ನೂ ಕೇಳುತ್ತಿರಲಿಲ್ಲ. ಆದಕಾರಣ ನುಡಿಯೇ ಗೆದ್ದಿತು. ಯುನಿಕೋಡ್ ಉತ್ತಮವೆಂಬುದನ್ನು ಬೆಂಗಳೂರಿನ ವಿಚಾರಗೋಷ್ಠಿಗಳಲ್ಲಿ ಎಷ್ಟು ಸಲ ಸಾರಿದರೂ ಸಿರುಗುಪ್ಪದ ಮುದ್ರಕನಿಗೆ ಅದು ಉತ್ತಮವಾಗಿರಲಿಲ್ಲ, ಅವನ ಯಂತ್ರದಲ್ಲಿ ಅದು ಮೂಡುತ್ತಲೇ ಇರಲಿಲ್ಲ.

ಈ ಕಾಲದ ವಾದವಿವಾದಗಳು ಕಾವೇರಿದವು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಉಳಿವಿನ ಪ್ರಶ್ನೆಯೆಂದೇ ಎತ್ತಿ ಹಿಡಿದು ಸರ್ಕಾರದ ಬೆನ್ನುಹತ್ತಿದರು. ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ಹೊರತಂದುದರ ಹಿಂದೆ ಅವರ ಒತ್ತಾಸೆ ಇತ್ತು. ಯಾರದು ಸರಿ, ಯಾರದು ತಪ್ಪು ಎಂಬ ಆ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಎರಡೂ ಪಕ್ಷದವರು ಸಂಕೇತಪಟ್ಟಿಯ ಬಗ್ಗೆ ಆಡಿದಷ್ಟು ಮಾತನ್ನು ಸೆಟಪ್ಪಿನ ಬಗ್ಗೆ ಆಡಲಿಲ್ಲವೆಂಬುದು ನಿಜ. ಎಕ್ಸ್‌ಪಿಯ ಆ ಒಂದು ಗುರುತನ್ನು ತಾನೇ ಹಾಕಿ, ಬೇಕಾದ ಕಡತಗಳು ಇವೆಯೇ ಇಲ್ಲವೇ ಎಂದು ನೋಡಿ, ಇಲ್ಲವಾದರೆ ಬಳಕೆದಾರನಿಗೆ ಕನ್ನಡದಲ್ಲಿಯೇ ಎರಡು ಮಾತು ತಿಳಿಸುವ ಸೆಟಪ್ ಊರೂರಿಗೆ ತಲುಪಿದ್ದರೆ ನಮ್ಮ ಹತ್ತು ವರ್ಷದ ಬರವಣಿಗೆ ಪೌಂಡಿನ ಗುರುತಿನಲ್ಲಿ ಹೂತುಹೋಗುತ್ತಿರಲಿಲ್ಲ.

ಹಾಗಾದರೆ ಹಳೆಯ ವ್ಯವಸ್ಥೆಗಳಲ್ಲಿ ನಡೆಯುವ ಸೆಟಪ್ಪನ್ನು ಕಟ್ಟುವುದು ಅಷ್ಟು ಕಷ್ಟವೇ? ಕಷ್ಟವೆನ್ನುವುದಕ್ಕಿಂತ ಎಚ್ಚರದ ಕೆಲಸವೆನ್ನಬೇಕು. ಅದಕ್ಕೆ ಬಿಟ್ಟಿಯಾಗಿ ದೊರೆಯುವ ಒಳ್ಳೆಯ ಸಲಕರಣೆಗಳಿವೆ. ಜೋರ್ಡಾನ್ ರಸೆಲ್ ಎಂಬವರು 1997ರಲ್ಲಿ ಹೊರತಂದ ‘ಇನ್ನೋ ಸೆಟಪ್’ ಅವುಗಳಲ್ಲಿ ಪ್ರಸಿದ್ಧವಾದದ್ದು. ಕಟ್ಟುವವನು ಮೊದಲು ತಿಳಿಯಬೇಕಾದದ್ದು ವಿಂಡೋಸಿನಲ್ಲಿ ಎರಡು ವಂಶಗಳಿದ್ದುವೆಂಬುದು. 95, 98 ಮೊದಲಾದವು ಒಂದು ವಂಶ, ಎನ್.ಟಿ., 2000, ಎಕ್ಸ್‌ಪಿ ಇನ್ನೊಂದು. ಎರಡನೆಯ ವಂಶದವು ಒಳಗೆಲ್ಲ ಯುನಿಕೋಡಿನಲ್ಲಿಯೇ ಮಾತಾಡುತ್ತವೆ. ಮೊದಲನೆಯ ವಂಶಕ್ಕೆ ಆ ಮಾತು ಬಹುಮಟ್ಟಿಗೆ ಅರ್ಥವಾಗುವುದಿಲ್ಲ. ಅದಕ್ಕಾಗಿ ಮೈಕ್ರೋಸಾಫ್ಟಿನವರು 2001ರಲ್ಲಿ ಒಂದು ದುಭಾಷಿಯನ್ನು, ಎಂದರೆ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ಕಡತವನ್ನು, ಬಿಡುಗಡೆ ಮಾಡಿದರು. ಅದನ್ನು ಜೊತೆಯಲ್ಲಿ ಕಟ್ಟಿಕೊಟ್ಟರೆ ಹೊಸ ಕಾರ್ಯಕ್ರಮವು ವಿಂಡೋಸ್ 98ರಲ್ಲಿಯೂ ಬಾಯಿ ಬಿಡುತ್ತದೆ.

ಎರಡನೆಯದು ನೆರೆಮನೆಯ ಪಾತ್ರೆಯನ್ನು ಮುಟ್ಟದಿರುವುದು. ಹಲವು ಕಾರ್ಯಕ್ರಮಗಳು ಹಂಚಿಕೊಂಡು ಬಳಸುವ ಕಡತಗಳಿಗೆ ಡಿ.ಎಲ್.ಎಲ್. ಎಂದು ಹೆಸರು. ಹಿಂದಿನ ಸೆಟಪ್ಪುಗಳು ತಮ್ಮ ಬಳಿಯಿದ್ದ ಹಳೆಯ ಡಿ.ಎಲ್.ಎಲ್. ಅನ್ನು ತಂದು ಯಂತ್ರದಲ್ಲಿದ್ದ ಹೊಸದರ ಮೇಲೆ ಹೇರುತ್ತಿದ್ದವು; ಕನ್ನಡ ಬಂದಿತು, ಲೆಕ್ಕದ ತಂತ್ರಾಂಶ ನಿಂತಿತು ಎಂಬ ದೂರು ಅಂಗಡಿಗಳಲ್ಲಿ ಸಾಮಾನ್ಯವಾಗಿತ್ತು. ಇರುವುದು ಹೊಸದೋ ತಂದದ್ದು ಹೊಸದೋ ಎಂದು ಹೋಲಿಸಿ ನೋಡುವ ಸೌಜನ್ಯವಿದ್ದಿದ್ದರೆ ಸಾಕಾಗಿತ್ತು.

ಮೂರನೆಯ ವಿಷಯ ಬಾಗಿಲು ಕಾಯುವವನ ಮೂರ್ಖತನ. ಸೆಟಪ್ ಯಂತ್ರವನ್ನು ‘ನೀನು ಯಾವ ಸಂಖ್ಯೆಯವನು?’ ಎಂದು ಕೇಳುತ್ತದೆ. ಎಕ್ಸ್‌ಪಿಯ ಒಳಗಿನ ಸಂಖ್ಯೆ 5.1, ವಿಸ್ತಾದ್ದು 6.0. ಮೊದಲಂಕಿ ಐದಾದರೂ ಇರಬೇಕು, ಎರಡನೆಯ ಅಂಕಿ ಒಂದಾದರೂ ಇರಬೇಕು ಎಂದು ಬೇರೆ ಬೇರೆಯಾಗಿ ಪರೀಕ್ಷಿಸಿದವರ ಸೆಟಪ್ಪು, 6.0 ಬಂದಾಗ ಎರಡನೆಯ ಅಂಕಿ ಸೊನ್ನೆಯೆಂದು ಹೇಳಿ ಹೊಸ ಯಂತ್ರವನ್ನು ಹಳೆಯದೆಂದು ಹೊರಗಟ್ಟಿತು! ಇಂಥ ಕಾವಲುಗಾರರು ಜಗತ್ತಿನಲ್ಲಿ ಎಷ್ಟು ಮಂದಿಯಿದ್ದರೆಂದರೆ, ಅವರಿಗೆ ಅಂಜಿಯೇ ವಿಂಡೋಸ್ 7ಕ್ಕೆ ಒಳಗೆ 6.1 ಎಂಬ ಸಂಖ್ಯೆಯನ್ನು ಇಟ್ಟರು.

2012 ಈ ಕಥೆಯಲ್ಲಿ ಒಂದು ವಿಚಿತ್ರ ವರ್ಷ. ಕರ್ನಾಟಕ ಸರ್ಕಾರವು ಯುನಿಕೋಡನ್ನು ತನ್ನ ಕನ್ನಡ ಬಳಕೆಯ ಶಿಷ್ಟತೆಯೆಂದು ಒಪ್ಪಿದ್ದು ಆ ವರ್ಷ. ಕಾರ್ಯಕ್ರಮಗಳನ್ನು ಬರೆಯುವವರ ಮುಖ್ಯ ಸಲಕರಣೆಯಾದ ವಿಶುವಲ್ ಸ್ಟುಡಿಯೋದ ಆ ವರ್ಷದ ಆವೃತ್ತಿಯು ಎಕ್ಸ್‌ಪಿಯನ್ನು ಕೈಬಿಟ್ಟದ್ದೂ ಆ ವರ್ಷವೇ. ಅದರಲ್ಲಿ ಕಟ್ಟಿದ ಕಾರ್ಯಕ್ರಮದ ಹಣೆಯ ಮೇಲೆ ಕನಿಷ್ಠ ಸಂಖ್ಯೆ 6.0 ಎಂದು ಬರೆದಿರುತ್ತಿತ್ತು; ಎಕ್ಸ್‌ಪಿ ಅದನ್ನು ಓದಿ ‘ಇದು ಸರಿಯಾದ ಕಾರ್ಯಕ್ರಮವೇ ಅಲ್ಲ’ ಎಂದು ತಿರಸ್ಕರಿಸುತ್ತಿತ್ತು. ಜಗತ್ತಿನ ಹಲವು ಕಡೆಯಿಂದ ಆಕ್ಷೇಪ ಬಂದಮೇಲೆ ಅದೇ ವರ್ಷದ ಕೊನೆಯ ಭಾಗದಲ್ಲಿ ಎಕ್ಸ್‌ಪಿಗಾಗಿ ಕಟ್ಟುವ ಮಾರ್ಗವನ್ನು ಸೇರಿಸಿದರು. ಆದರೆ ಆ ಮಾರ್ಗವನ್ನು ಆರಿಸಬೇಕೆಂದು ಕಟ್ಟುವವನಿಗೆ ತೋರಬೇಕಷ್ಟೆ. ಹೊಸ ಯಂತ್ರದ ಮುಂದೆ ಕುಳಿತು ಕೆಲಸಮಾಡುವವನಿಗೆ ಹಳೆಯ ಯಂತ್ರದ ನೆನಪಾಗುವುದು ಸಹಜವಲ್ಲ. ಒಂದು ನಿಮಿಷದಲ್ಲಿ ಆರಿಸಬಹುದಾದ ಆ ಆಯ್ಕೆಯನ್ನು ಆರಿಸದಿದ್ದುದರಿಂದ ಯುನಿಕೋಡಿನ ಆಜ್ಞೆ ಒಂದು ದಾರಿ ಹಿಡಿಯಿತು, ಹಳೆಯ ಯಂತ್ರಗಳು ಇನ್ನೊಂದು ದಾರಿಯಲ್ಲಿ ಉಳಿದವು.

ತೊಡಕು ಒಂದೇ ದಿಕ್ಕಿನದಲ್ಲ. ಹಳೆಯ ಯಂತ್ರಕ್ಕೆ ಹೊಸ ತಂತ್ರಾಂಶ ಹೋಗದಿರುವಂತೆ ಹೊಸ ಯಂತ್ರಕ್ಕೆ ಹಳೆಯದೂ ಬಾರದು. ವಿಸ್ತಾ ಬಂದಾಗ ಕನ್ನಡ ತಾನಾಗಿಯೇ ಮೂಡಿತು, ಸಿ.ಡಿ.ಯ ಕಾಟ ತಪ್ಪಿತು. ಆದರೆ ಹಿಂದಿನ ಸೆಟಪ್ಪುಗಳು ವ್ಯವಸ್ಥೆಯ ಗೂಡುಗಳಿಗೆ ನೇರವಾಗಿ ಕೈಹಾಕುವ ಅಧಿಕಾರ ಹೋಯಿತು. ನುಡಿಯನ್ನು ಹಾಕುವಾಗ ಬಲಗುಂಡಿ ಒತ್ತಿ ‘ಅಡ್ಮಿನಿಸ್ಟ್ರೇಟರ್ ಆಗಿ ನಡೆಸು’ ಎಂದು ಆರಿಸಬೇಕೆಂಬ ಗುಟ್ಟು ಅಂಗಡಿಯಿಂದ ಅಂಗಡಿಗೆ ಬಾಯಿಂದ ಬಾಯಿಗೆ ಹರಡಿತು, ನಾಟಿವೈದ್ಯದ ಮದ್ದಿನಂತೆ. 64 ಬಿಟ್ಟಿನ ವಿಂಡೋಸ್ ಬಂದ ಮೇಲೆ ಇನ್ನೊಂದು ಸೋಜಿಗ ಕಂಡಿತು: ಹಳೆಯ ಕೆಲವು ತಂತ್ರಾಂಶಗಳು ತಾವು 32 ಬಿಟ್ಟಿನವಾಗಿದ್ದು ಹೊಸ ಯಂತ್ರದಲ್ಲಿಯೂ ನಡೆಯಬಲ್ಲವು, ಅವುಗಳ ಸೆಟಪ್ ಮಾತ್ರ 16 ಬಿಟ್ಟಿನದು, ಅದು ನಡೆಯುವುದಿಲ್ಲ. ಅತಿಥಿಗೆ ಮನೆಯಲ್ಲಿ ಜಾಗವುಂಟು, ಕರೆತಂದ ಗಾಡಿಗೆ ಬೀದಿಯಲ್ಲಿ ಜಾಗವಿಲ್ಲ. ಸ್ಕ್ರೋಲ್ ಲಾಕ್ ಗುಂಡಿಯೇ ಇಲ್ಲದ ಲ್ಯಾಪ್‌ಟಾಪುಗಳು ಬಂದದ್ದು ಇದರ ಮೇಲಿನ ಒಗ್ಗರಣೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಬೆಂಬಲ ನಿಂತ ಯಂತ್ರವನ್ನು ಅಂತರಜಾಲಕ್ಕೆ ಸೇರಿಸುವುದು ಅಪಾಯಕರವೆಂಬುದರಲ್ಲಿ ಸಂಶಯವಿಲ್ಲ, ಯಾರೂ ಹಾಗೆ ಮಾಡಬಾರದು. ಆದರೆ ಜಾಲಕ್ಕೆ ಸೇರಿಸದೆ ಲಗ್ನಪತ್ರಿಕೆಯನ್ನೂ ಜಾತ್ರೆಯ ಕರಪತ್ರವನ್ನೂ ಅಕ್ಕಿ ಗಿರಣಿಯ ರಸೀತಿ ಪುಸ್ತಕವನ್ನೂ ಜೋಡಿಸಲು ಅಂಥ ಯಂತ್ರ ಇಂದಿಗೂ ಸಾಕು. ಅಂಥದ್ದಕ್ಕೆ ಕಟ್ಟುವ ಸೆಟಪ್ ತನಗೆ ಬೇಕಾದುದನ್ನೆಲ್ಲ ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರಬೇಕು. ಈಗಿನ ಸೆಟಪ್ಪುಗಳು ಹೆಚ್ಚಾಗಿ ಹೆಸರಿಗೆ ಮಾತ್ರ ಸೆಟಪ್ಪು. ಚಿಕ್ಕ ಕಡತವೊಂದು ಬಂದು, ಉಳಿದುದನ್ನು ಜಾಲದಿಂದ ತರಿಸಿಕೊಳ್ಳುತ್ತದೆ. ಜಾಲದ ತಾಣಗಳು ಈಗ ಬಳಸುವ ಗುಪ್ತಭಾಷೆಯ ಹೊಸ ಆವೃತ್ತಿ ಎಕ್ಸ್‌ಪಿಗೆ ತಿಳಿಯದು. ಆದ್ದರಿಂದ ಜಾಲ ಇದ್ದರೂ ಸಾಮಾನು ಬರುವುದಿಲ್ಲ. ಕಾರ್ಯಕ್ರಮವನ್ನು ಕಟ್ಟಿದವರು ಹಾಕುವ ಡಿಜಿಟಲ್ ಸಹಿಯದೂ ಇದೇ ಪಾಡು: ಇಂದಿನ ಬಗೆಯ ಸಹಿಯನ್ನು ಗುರುತಿಸಲು ವಿಂಡೋಸ್ 7ಕ್ಕೇ 2019ರ ತಿದ್ದುಪಡಿ ಬೇಕಾಯಿತು. ಇನ್ನೋ ಸೆಟಪ್ಪಿನ ಆರನೆಯ ಆವೃತ್ತಿ ಅದೇ 2019ರಲ್ಲಿ ಎಕ್ಸ್‌ಪಿಯನ್ನು ಬಿಟ್ಟಿತು. ಹಳೆಯದಕ್ಕೆ ಕಟ್ಟುವವನು ಐದನೆಯ ಆವೃತ್ತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಹಳೆಯ ಬೀಗದ ಕೆಲಸದವನು ಹಳೆಯ ಅರವನ್ನು ಇಟ್ಟುಕೊಳ್ಳುವಂತೆ.

ಇಷ್ಟೆಲ್ಲ ಶ್ರಮ ಯಾರಿಗಾಗಿ, ಎಲ್ಲರ ಕೈಯಲ್ಲಿಯೂ ಈಗ ಫೋನಿದೆ, ಅದರಲ್ಲಿ ಕನ್ನಡ ತಾನಾಗಿ ಬರುತ್ತದೆ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಫೋನಿನಲ್ಲಿ ಬರುವುದು ಇಂದಿನ ಕನ್ನಡ. 1998ರಿಂದ ಈಚೆಗೆ ನಮ್ಮ ಜಿಲ್ಲೆಯಲ್ಲಿ ಜೋಡಿಸಿದ ಸ್ಮರಣಸಂಚಿಕೆಗಳು, ಸ್ಥಳಪುರಾಣಗಳು, ಸಣ್ಣ ಪ್ರಕಾಶಕರ ಕವನಸಂಗ್ರಹಗಳು, ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳು, ಇವೆಲ್ಲ ಹಳೆಯ ಯಂತ್ರಗಳ ಹಾರ್ಡ್ ಡಿಸ್ಕುಗಳಲ್ಲಿ ಹಳೆಯ ಫಾಂಟುಗಳ ಸಂಕೇತದಲ್ಲಿ ಮಲಗಿವೆ. ನುಡಿಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸಿದ್ಧವಾಗಿವೆ, ಚೆನ್ನಾಗಿಯೂ ಇವೆ. ಅವುಗಳಲ್ಲಿ ಹಲವನ್ನು ಜಾಲದ ಮೂಲಕವೇ ಬಳಸಬೇಕು. ಕಡತಗಳಿರುವ ಯಂತ್ರಕ್ಕೆ ಜಾಲ ಸೇರದು. ಬೀಗವಿರುವ ಫಾಂಟುಗಳಲ್ಲಿ ಜೋಡಿಸಿದ ಪುಟಗಳಂತೂ ಆ ಡಾಂಗಲ್ ಇರುವ ಯಂತ್ರದಲ್ಲಿ ಮಾತ್ರ ಕಣ್ಣು ತೆರೆಯುತ್ತವೆ. ಪರಿವರ್ತಕವೇ ಆ ಯಂತ್ರದ ಬಳಿಗೆ ಹೋಗಬೇಕು. ಪೆನ್ ಡ್ರೈವಿನಲ್ಲಿ ಒಂದೇ ಕಡತವಾಗಿ, ಎಕ್ಸ್‌ಪಿಯಲ್ಲಿಯೂ 98ರಲ್ಲಿಯೂ ನಡೆಯುವ ಸೆಟಪ್ಪಾಗಿ, ತಾನು ಬಂದ ಗುರುತನ್ನು ಉಳಿಸದೆ ಮರಳಿ ಹೊರಡುವುದನ್ನೂ ಬಲ್ಲದ್ದಾಗಿ. ವಿದ್ಯಾರ್ಥಿಗಳಿಗೆ ಗಣಕ ಕಲಿಸುವ ಕಾಲೇಜುಗಳು ಬಳ್ಳಾರಿಯಲ್ಲಿ ಹಲವಿವೆ. ಒಂದು ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋರದು. ಆದರೆ ಕನ್ನಡದ ಅಧ್ಯಾಪಕನ ಮಾತನ್ನು ಆ ವಿಭಾಗದವರು ಕೇಳುವುದು ವಿರಳ.

ಆ ಡಿಸ್ಕುಗಳ ಆಯುಸ್ಸೂ ಮುಗಿಯುತ್ತ ಬಂದಿದೆ. ಇಪ್ಪತ್ತು ವರ್ಷ ತಿರುಗಿದ ಲೋಹದ ತಟ್ಟೆ ಒಂದು ಬೆಳಗ್ಗೆ ಸದ್ದುಮಾಡಿ ನಿಂತುಹೋಗುತ್ತದೆ. ಈ ನಡುವೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11 ತನಗೆ ಭದ್ರತೆಯ ಹೊಸ ಬಗೆಯ ಚಿಪ್ಪು ಬೇಕೆನ್ನುತ್ತದೆ. 32 ಬಿಟ್ಟಿನ ಆವೃತ್ತಿ ಅದಕ್ಕೆ ಇಲ್ಲವೇ ಇಲ್ಲ. ನಿನ್ನೆಯವರೆಗೆ ಹೊಸದಾಗಿದ್ದ ಯಂತ್ರಗಳನ್ನು ನಗರದ ಕಚೇರಿಗಳು ಹೊರಗಿಡತೊಡಗಿವೆ. ಅವು ಕೈಯಿಂದ ಕೈಗೆ ದಾಟಿ, ಅಗ್ಗದ ಬೆಲೆಗೆ, ಸಿರುಗುಪ್ಪ ಕುರುಗೋಡುಗಳ ಅಂಗಡಿಗಳಿಗೂ ಕರೂರಿಗೂ ಬಂದು ಸೇರುತ್ತವೆ. ಅಲ್ಲಿ ಇನ್ನೂ ಹತ್ತು ಹದಿನೈದು ವರ್ಷ ಕನ್ನಡ ಬರೆಯುತ್ತವೆ.